ಭಾಗಾಕಾರ ಮತ್ತು ಭಾವ

ಟಿಕೆಟ್‌ನಲ್ಲಿ ಪ್ರಯಾಣದ ಸಮಯ 2 ಗಂಟೆ 50 ನಿಮಿಷ ಅಂತಿತ್ತು. ನನಗೆ ಅನುಮಾನ ಬಂತು. ಫೋನಿನಲ್ಲಿ ನೋಡಿದರೆ ಎರಡು ಊರುಗಳ ನಡುವೆ ಬರೀ 1,800 ಕಿಲೋಮೀಟರ್. ಜೆಟ್ ವಿಮಾನ ಗಂಟೆಗೆ ಸುಮಾರು 900 ಹೋಗುತ್ತೆ. ಐದನೇ ಕ್ಲಾಸಿನ ಭಾಗಾಕಾರ. ಎರಡೇ ಗಂಟೆ! ಸುಮ್ನೆ ಜಾಸ್ತಿ ಹಾಕಿದ್ದಾರೆ ಅಂದುಕೊಂಡೆ.

ಕರೆದುಕೊಂಡು ಹೋಗಲು ಬರಬೇಕಿದ್ದ ಭಾವನಿಗೆ ಫೋನ್ ಮಾಡಿದೆ. "ಟಿಕೆಟ್ ನೋಡ್ಬೇಡಿ ಭಾವ. 10ಕ್ಕೆ ಹೊರಡುತ್ತೆ, 12ಕ್ಕೆ ನಿಮ್ಮ ಎದುರು ಇರ್ತೀನಿ."

10ಕ್ಕೆ ಸರಿಯಾಗಿ ವಿಮಾನ ಹೊರಟಿತು. ಹಿಂದಕ್ಕೆ. ಒಂದು ಪುಟ್ಟ ಗಾಡಿ ಅದನ್ನು ತಳ್ಳುತ್ತಿತ್ತು. ಟಿಕೆಟ್‌ನ ಗಡಿಯಾರ ಶುರುವಾಗುವುದು ಇಲ್ಲಿಂದಲೇ, ಹಾರಿದಾಗಿನಿಂದಲ್ಲ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ಬಸ್ಸಿನ ಹಾಗೆ ಉರುಳಿಕೊಂಡು ಹೋಗಿ ರನ್‌ವೇ ಹತ್ತಿರ ಕ್ಯೂ ನಿಂತೆವು. ಮುಂದೆ ಐದು ವಿಮಾನ. ಹಾರಿದಾಗ 10:25.

ಮೇಲೆ ಹೋದ ಮೇಲೆ ಎದುರಿನ ಪುಟ್ಟ ಪರದೆಯಲ್ಲಿ ವೇಗ ನೋಡಿದೆ: 710. ಕೆಳಗೆ ಸಣ್ಣಗೆ, ಎದುರುಗಾಳಿ 140. ಅಂದರೆ ವಿಮಾನ ಪಾಪ 850ರಲ್ಲೇ ಓಡುತ್ತಿದೆ, ಗಾಳಿ ಅದರಲ್ಲಿ 140 ಕಿತ್ತುಕೊಳ್ಳುತ್ತಿದೆ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಗಾಳಿ ಹರಿಯುತ್ತೆ, ಜೆಟ್ ಸ್ಟ್ರೀಮ್ ಅಂತಾರೆ. ನಾನು ಹೋಗುತ್ತಿದ್ದದ್ದು ಪಶ್ಚಿಮಕ್ಕೆ. ಇದೇ ಗಾಳಿ ಬೆನ್ನಿಗೆ ಬಿದ್ದು 2020ರ ಫೆಬ್ರವರಿಯಲ್ಲಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಮುಟ್ಟಿತ್ತು. ನಮ್ಮ ಐದನೇ ಕ್ಲಾಸಿನ ಪುಸ್ತಕದಲ್ಲಿ ಗಾಳಿಯೇ ಬೀಸಿರಲಿಲ್ಲ.

ಊರು ಹತ್ತಿರ ಬಂತು ಅಂತ ಸೀಟು ನೆಟ್ಟಗೆ ಮಾಡಿಕೊಂಡೆ. ಪರದೆಯ ಮೇಲಿನ ಪುಟಾಣಿ ವಿಮಾನ ಊರಿಗೆ ಬೆನ್ನು ತಿರುಗಿಸಿತು! ಇಳಿಯಲು ಜಾಗ ಸಿಗುವ ತನಕ ಆಕಾಶದಲ್ಲೇ ಸುತ್ತಬೇಕಂತೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಎರಡು ಸುತ್ತು ಹಾಕಿದೆವು. ದೇವಸ್ಥಾನವಾಗಿದ್ದರೆ ಪುಣ್ಯವಾದರೂ ಬರುತ್ತಿತ್ತು.

ಹೊರಗೆ ಬಂದಾಗ 1:20. ಭಾವ ಏನೂ ಬೈಯಲಿಲ್ಲ. "ಭಾಗಾಕಾರದಲ್ಲಿ ಶೇಷ ಬಿಟ್ಟೋಯ್ತಾ?" ಅಂದರು, ಅಷ್ಟೇ.

ವಾಪಸ್ ಬರುವಾಗ ಟಿಕೆಟ್‌ನಲ್ಲೇ 2 ಗಂಟೆ 30 ನಿಮಿಷ. ಅದೇ ದೂರ, ಆದರೆ ಈಗ ಗಾಳಿ ನಮ್ಮ ಕಡೆ. ಅದಕ್ಕೂ 20 ನಿಮಿಷ ಮೊದಲೇ ಇಳಿದೆವು. ಖುಷಿಯಿಂದ ಹೆಂಡತಿಗೆ ಫೋನ್ ಮಾಡಿ ಬೇಗ ಬಾ ಅಂದೆ.

"ರೀ, ನಮ್ಮಣ್ಣ ಎಲ್ಲಾ ಹೇಳಿದಾನೆ. ನಾನು ಟಿಕೆಟ್‌ನಲ್ಲಿರೋ ಟೈಮಿಗೇ ಬರ್ತೀನಿ."

ಅಷ್ಟರಲ್ಲಿ ಪೈಲಟ್ ದನಿ ಕೇಳಿಸಿತು. ಬೇಗ ಬಂದುಬಿಟ್ಟಿದ್ದರಿಂದ ನಮ್ಮ ಜಾಗದಲ್ಲಿ ಇನ್ನೊಂದು ವಿಮಾನ ನಿಂತಿದೆಯಂತೆ, ಸ್ವಲ್ಪ ಕಾಯಬೇಕಂತೆ. ಕಾದೆವು. ಬಾಗಿಲು ತೆರೆದಾಗ ಗಡಿಯಾರ ನೋಡಿದೆ. ಟಿಕೆಟ್‌ನಲ್ಲಿದ್ದ ಟೈಮಿಗೆ ಒಂದು ನಿಮಿಷವೂ ಹೆಚ್ಚುಕಮ್ಮಿ ಇರಲಿಲ್ಲ.