ಮಡಿವಂತ ರಕ್ತಪಿಶಾಚಿಗಳು

ರಕ್ತಪಿಶಾಚಿಗಳ ಬಗ್ಗೆ ನಮ್ಮ ಅತ್ತೆಗೆ ತುಂಬಾ ಒಳ್ಳೆ ಅಭಿಪ್ರಾಯ ಇದೆ. "ಬೆಳ್ಳುಳ್ಳಿ ಮುಟ್ಟಲ್ಲ, ಕರೀದೆ ಯಾರ ಮನೆಯೊಳಗೂ ಕಾಲಿಡಲ್ಲ. ಒಳ್ಳೇ ಮಡಿವಂತರು ಕಣೇ" ಎಂದು ಸರ್ಟಿಫಿಕೇಟ್ ಕೊಟ್ಟುಬಿಟ್ಟಿದ್ದಾರೆ. ಮತ್ತೆ ರಕ್ತ ಕುಡಿಯೋದು? "ಅದೊಂದು ಬಿಡು. ಎಲ್ಲರ ಮನೇಲೂ ಏನಾದ್ರೂ ಒಂದು ಇದ್ದೇ ಇರತ್ತೆ."

ಇದಕ್ಕೆಲ್ಲ ಕಾರಣ 'ವಾಟ್ ವಿ ಡೂ ಇನ್ ದ ಶ್ಯಾಡೋಸ್' ಎಂಬ ಸೀರಿಯಲ್. ಮನೆಮಂದಿ ಮಲಗಿದ ಮೇಲೆ ನಾನೊಬ್ಬಳೇ ಟಿವಿ ಮುಂದೆ ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದೆ. ಒಂದು ರಾತ್ರಿ ಹೆಡ್‌ಫೋನಿನ ಚಾರ್ಜ್ ಮುಗಿಯಿತು. ಟಿವಿಯಾದರೂ ಸುಮ್ಮನಿರಬೇಕು ತಾನೇ? ಇಲ್ಲ. ಸಂಜೆ ಮಾವ ನ್ಯೂಸ್ ಕೇಳಲು ಇಟ್ಟಿದ್ದ ವಾಲ್ಯೂಮಿನಲ್ಲಿ ಕಿಟಾರನೆ ಕಿರುಚಿತು. ಮಾವ ಟಾರ್ಚ್ ಹಿಡಿದು ಓಡಿ ಬಂದರು. ಕೆಳಗೆ ಸೆಕ್ಯುರಿಟಿಯವನು ಸೀಟಿ ಊದಿದ. ಅತ್ತೆ ಮಾತ್ರ ಶಾಲು ಹೊದ್ದುಕೊಂಡು ಬಂದು ಸೋಫಾ ಮೇಲೆ ಕೂತರು. "ಏನದು? ಮೊದಲಿಂದ ಹಾಕು."

ಹಾಕಿದೆ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿ ಒಂದು ಹಳೇ ಬಂಗಲೆ. ಅದರೊಳಗೆ ಶತಮಾನಗಳನ್ನು ಕಂಡ ಮೂವರು ಪಿಶಾಚಿಗಳು. ಹಿಂದೊಮ್ಮೆ ದಂಡು ಕಟ್ಟಿಕೊಂಡು ಊರೂರು ಲೂಟಿ ಹೊಡೆದ ನ್ಯಾಂಡೋರ್, ಜೊತೆಗೆ ಲಾಸ್ಲೋ ಮತ್ತು ನಾಜಾ ಎಂಬ ಗಂಡ ಹೆಂಡತಿ. ಇದರ ಮೂಲ 2014ರ ಒಂದು ನ್ಯೂಜಿಲೆಂಡ್ ಸಿನಿಮಾ. ಅದರಲ್ಲಿ ಒಬ್ಬ ಪಿಶಾಚಿ ಐದು ವರ್ಷದಿಂದ ಪಾತ್ರೆ ತೊಳೆದಿಲ್ಲ ಅಂತಲೇ ಮನೆಯಲ್ಲಿ ಮೀಟಿಂಗ್ ನಡೆಯುತ್ತದೆ. ಸೀರಿಯಲ್ 2019ರಲ್ಲಿ ಶುರುವಾಗಿ 2024ರಲ್ಲಿ ಮುಗಿಯಿತು. ಒಟ್ಟು ಆರು ಸೀಸನ್. ನೋಡಿ, ಮಜಾ ಇರೋದು ಇಲ್ಲೇ. ಸಿನಿಮಾದ ಡ್ರಾಕುಲಾ ಎರಡು ಗಂಟೆ ಹೆದರಿಸಿದರೆ ಅವನ ಡ್ಯೂಟಿ ಮುಗಿಯಿತು. ಟಿವಿಯ ಪಿಶಾಚಿ ಆರು ಸೀಸನ್ ಅದೇ ಮನೆಯಲ್ಲಿ ಅದೇ ಜನರ ಜೊತೆ ಏಗಬೇಕು. ಸಾಯೋ ಹಾಗೂ ಇಲ್ಲ!

ಮೊದಲ ಎಪಿಸೋಡಿನಲ್ಲೇ ನ್ಯಾಂಡೋರ್ ಎಲ್ಲರನ್ನೂ ಕೂರಿಸಿಕೊಂಡು ತಾಕೀತು ಮಾಡುತ್ತಾನೆ. ಹಿಡಿದು ತಂದವರ ರಕ್ತ ಪೂರ್ತಿ ಕುಡಿಯಿರಿ, ಅರ್ಧಂಬರ್ಧ ಕುಡಿದು ಎಲ್ಲೆಂದರಲ್ಲಿ ಬಿಡಬೇಡಿ ಅಂತ. ಅತ್ತೆ ಟೀಪಾಯ್ ಕಡೆ ನೋಡಿದರು. ಅಲ್ಲಿ ನನ್ನ ಮಗ ಅರ್ಧ ಕುಡಿದು ಬಿಟ್ಟ ಹಾಲಿನ ಲೋಟ ಇತ್ತು, ಮೇಲೆ ಕೆನೆ ಕಟ್ಟಿತ್ತು. "ಹೇಳೋರು ಬೇಕು" ಎಂದರು, ನನ್ನನ್ನು ನೋಡುತ್ತಾ.

ಆದರೆ ಅವರ ಕರುಳು ಚುರ್ರೆಂದಿದ್ದು ಗಿಯೆರ್ಮೋನನ್ನು ನೋಡಿ. ಅವನು ನ್ಯಾಂಡೋರನ ಆಳು. ಇವತ್ತಲ್ಲ ನಾಳೆ ತನ್ನನ್ನೂ ಪಿಶಾಚಿ ಮಾಡುತ್ತಾರೆ ಅನ್ನೋ ಆಸೆಯಲ್ಲಿ ಕಸ ಗುಡಿಸುತ್ತಾನೆ, ಹೆಣ ಸಾಗಿಸುತ್ತಾನೆ. ಹತ್ತು ವರ್ಷ ತುಂಬಿದ ದಿನ ಏನೋ ಸಿಗುತ್ತೆ ಅಂತ ಕಾದು ನಿಂತರೆ, ಧಣಿ ಕೊಟ್ಟಿದ್ದು ಮಿಂಚುಪುಡಿ ಹಚ್ಚಿದ ಒಂದು ಚಿತ್ರ. "ಅಯ್ಯೋ ಪಾಪ, ಇನ್ನೂ ಪರ್ಮನೆಂಟ್ ಮಾಡಿಲ್ವಾ?" ಎಂದರು ಅತ್ತೆ. ನಮ್ಮ ನಾದಿನಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆ ಸಂಕಟ ಈ ಮನೆಗೆ ಹೊಸದಲ್ಲ.

ಇನ್ನು ರೂಲ್ಸು. ರೂಲ್ಸ್ ಇಲ್ಲದ ದೆವ್ವ ನಗಿಸಲ್ಲ. ಯುರೋಪಿನ ಹಳ್ಳಿಗಳಲ್ಲಿ ಒಂದು ನಂಬಿಕೆ ಇತ್ತು. ಕಾಳು ಚೆಲ್ಲಿದರೆ ಪಿಶಾಚಿ ಬೆಳಗಾಗುವ ತನಕ ಅದನ್ನು ಎಣಿಸುತ್ತಾ ಕೂರುತ್ತದಂತೆ. 1972ರಿಂದ 'ಸೆಸಮಿ ಸ್ಟ್ರೀಟ್'ನಲ್ಲಿ ಮಕ್ಕಳಿಗೆ ಎಣಿಕೆ ಕಲಿಸುತ್ತಿರುವುದೂ ಕೌಂಟ್ ಎಂಬ ಪಿಶಾಚಿ ಗೊಂಬೆಯೇ. ಎಲ್ಲ ರೂಲ್ಸೂ ಹಳೇದಲ್ಲ ಅನ್ನಿ. 1897ರ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಆರಾಮಾಗಿ ಓಡಾಡುತ್ತಿದ್ದ. ಬಿಸಿಲಿಗೆ ಸಾಯುವ ಕಾಯಿಲೆ ಅಂಟಿದ್ದು 1922ರ ಜರ್ಮನ್ ಮೂಕಿ ಚಿತ್ರದಿಂದ. ನಮ್ಮ ದೆವ್ವವೇನು ಕಮ್ಮಿ? ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಓದಿಕೊಂಡು, ಮರುಮಾತಾಡದೆ ವಾಪಸ್ ಹೋಗುತ್ತಿತ್ತಂತೆ. ಅಂಥ ವಿಧೇಯತೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರಿಗೂ ಇಲ್ಲ.

ಅಪಾರ್ಟ್‌ಮೆಂಟ್ ಅಂದಾಗ ಕಾಲಿನ್ ರಾಬಿನ್ಸನ್ ವಿಷಯಕ್ಕೆ ಬರಲೇಬೇಕು. ಅದೇ ಬಂಗಲೆಯ ಇನ್ನೊಬ್ಬ ಪಿಶಾಚಿ ಅವನು. ಬೋಳು ತಲೆ, ಕನ್ನಡಕ, ಸ್ವೆಟರ್. ಬಿಸಿಲಲ್ಲೇ ಆಫೀಸಿಗೆ ಹೋಗುತ್ತಾನೆ. ಅವನು ಹೀರೋದು ರಕ್ತ ಅಲ್ಲ, ಜನರ ಚೈತನ್ಯ. ಅದಕ್ಕೆ ಅವನಿಗೆ ಕೋರೆಹಲ್ಲು ಬೇಡ, ಬಾಯಿದ್ದರೆ ಸಾಕು. ಕೊರೆದು ಕೊರೆದೇ ಎದುರಿಗಿದ್ದವರ ಜೀವ ಸೋರಿಸಿಬಿಡುತ್ತಾನೆ. ಕೌನ್ಸಿಲ್ ಸಭೆ ಅವನ ಪಾಲಿಗೆ ಮದುವೆಮನೆ ಊಟ.

ನಮ್ಮಲ್ಲಿ ಮೂರನೇ ಮಹಡಿಯ ಅಂಕಲ್ ಇದ್ದಾರೆ. ಹೋದ ಭಾನುವಾರ ಬೆಳಿಗ್ಗೆ ಬೆಲ್ ಮಾಡಿದರು. "ಒಂದೇ ನಿಮಿಷ ಕಣಮ್ಮಾ, ಸಂಪಿನ ವಿಷಯ." ಅತ್ತೆ ಒಳಗಿಂದಲೇ "ಬನ್ನಿ ಬನ್ನಿ, ಒಳಗೆ ಬನ್ನಿ" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಸಂಪಿನ ಮೋಟಾರು ಎಷ್ಟು ಎಚ್‌ಪಿ, ಮೊದಲು ಎಷ್ಟು ಎಚ್‌ಪಿ ಇತ್ತು, ಬದಲಾಯಿಸಿದವರು ಯಾರು, ಅವರ ಷಡ್ಕನ ಊರು ಯಾವುದು. ಒಲೆ ಮೇಲೆ ಹಾಲು ಉಕ್ಕಿ ಬರ್ನರ್ ಆರಿತು. ಕುಕ್ಕರ್ ಎಷ್ಟು ಕೂಗಿತು ಅನ್ನೋ ಲೆಕ್ಕ ತಪ್ಪಿ ಬೇಳೆ ಗಂಜಿಯಾಯಿತು. ಮಾವ ಕೂತಲ್ಲೇ ಕಣ್ಣು ಮುಚ್ಚಿದರು. ಅಂಕಲ್ ಮುಖದಲ್ಲಿ ಮಾತ್ರ ಕಳೆ ಏರುತ್ತಲೇ ಇತ್ತು!

ಹೇಗಾದರೂ ಮಾತು ನಿಲ್ಲಲಿ ಅಂತ ಅತ್ತೆ ಟಿವಿ ಹಾಕಿದರು. ಹಿಂದಿನ ರಾತ್ರಿ ನಿಲ್ಲಿಸಿದ್ದಲ್ಲಿಂದಲೇ ಶುರುವಾಯಿತು. ಪರದೆ ತುಂಬ ಕಾಲಿನ್ ರಾಬಿನ್ಸನ್. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡೆ. ಅಂಕಲ್ ಮೊದಲ ಸಲ ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ ಎಪಿಸೋಡ್ ಪೂರ್ತಿ ನೋಡಿದರು.

"ಈ ಕನ್ನಡಕದವರು ತುಂಬಾ ತಿಳಿದವರು" ಅಂದರು ಕೊನೆಗೆ. "ಎಷ್ಟು ವಿವರವಾಗಿ ಹೇಳ್ತಾರೆ! ಉಳಿದವರಿಗೆ ಕೇಳೋ ತಾಳ್ಮೆನೇ ಇಲ್ಲ ನೋಡಿ. ಮುಂದಿನದು ಹಾಕಮ್ಮ."