ಮೂರು ಕೊಂಬಿನ ಹಸು

ಹೊಟ್ಟೆ ಕರಗಿಸೋದು ನನ್ನ ಕೈಲಾಗಲಿಲ್ಲ. ಕ್ಯಾಮೆರಾನಾದರೂ ತೆಳ್ಳಗಿರಲಿ ಅಂತ ಹೊರಟೆ.

2006ರ ಮಾತು. ಮನೆಯಲ್ಲಿದ್ದ ರೀಲ್ ಕ್ಯಾಮೆರಾ ಇಟ್ಟಿಗೆ ಗಾತ್ರದ್ದು. ಕತ್ತಿಗೆ ನೇತು ಹಾಕಿಕೊಂಡು ಮದುವೆಗೆ ಹೋದರೆ ಗುರುತಿಲ್ಲದವರೂ ಕರೆದು ಸಾಲಾಗಿ ನಿಂತುಬಿಡುತ್ತಿದ್ದರು. ನನಗೆ ಬೇಕಿದ್ದದ್ದು ದಿನಾ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು. ಕ್ಯಾಸಿಯೋದವರು 2002ರಲ್ಲೇ ಬರೀ 11.3 ಮಿಲಿಮೀಟರ್ ದಪ್ಪದ ಎಕ್ಸಿಲಿಮ್ ಅನ್ನೋ ಡಿಜಿಟಲ್ ಕ್ಯಾಮೆರಾ ತಂದಿದ್ದರು ಅಂತ ಓದಿ ತಲೆಗೆ ಹುಳ ಬಿಟ್ಟುಕೊಂಡಿದ್ದೆ. ಅದರ ಲೆನ್ಸಿಗೆ ಜೂಮ್ ಇರಲಿಲ್ಲ ಅನ್ನೋ ಸಾಲು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಎಸ್.ಪಿ. ರಸ್ತೆಯ ಅಂಗಡಿಯವನು ಇನ್ನೊಂದು ಕಂಪನಿಯದನ್ನು ಕೈಗಿಟ್ಟ. ಇದಕ್ಕೆ ಜೂಮ್ ಉಂಟು, ಆದರೆ ಲೆನ್ಸ್ ಮೂತಿ ಹೊರಗೆ ಚಾಚಲ್ಲ. ಬೆಳಕು ಒಳಗೆ ಬಂದು, ಪ್ರಿಸಮ್ಮಿಗೆ ಬಡಿದು, 90 ಡಿಗ್ರಿ ತಿರುಗಿ, ಬಾವಿಗೆ ಇಳಿದ ಹಾಗೆ ಕೆಳಗಿರುವ, ಚಿತ್ರ ಹಿಡಿಯುವ ಸೆನ್ಸರಿಗೆ ಹೋಗುತ್ತದೆ.

"ಜೇಬಲ್ಲಿಟ್ರೆ ಇದೆ ಅಂತಾನೇ ಗೊತ್ತಾಗಲ್ಲ ಸಾರ್."

ನಿಜ. ಮೊದಲನೇ ವಾರ ಮೂರು ಸಲ ಮನೆಯೆಲ್ಲ ಹುಡುಕಿದೆ. ಮೂರು ಸಲವೂ ಜೇಬಲ್ಲೇ ಇತ್ತು. ಚಾರ್ಜರ್, ಕೇಬಲ್, ಇನ್ನೊಂದು ಬ್ಯಾಟರಿ, ಒರೆಸುವ ಬಟ್ಟೆ ಇವಕ್ಕೆಲ್ಲ ಒಂದು ಚೀಲ ಬೇರೆ ಬೇಕಾಯಿತು. ಕ್ಯಾಮೆರಾ ಜೇಬಿನಲ್ಲಿ, ಅದರ ಸಂಸಾರ ಹೆಗಲ ಮೇಲೆ!

ತುಮಕೂರಿನಲ್ಲಿ ತಂಗಿ ಮನೆ ಗೃಹಪ್ರವೇಶ. ಬೆಳಗಿನ ಜಾವ, ಇನ್ನೂ ಕತ್ತಲು. ಹಸು, ಕರು ಬಾಗಿಲಿಗೆ ಬಂದವು. ನಾನು ಟಕಟಕ ಅಂತ ಹೊಡೆದೆ. ರೀಲ್ ಆಗಿದ್ದರೆ 36ಕ್ಕೆ ಮುಗಿಯುತ್ತಿತ್ತು. ಇಲ್ಲಿ ಕೇಳೋರಿಲ್ಲ, 140 ಆಯಿತು.

ಸಂಜೆ ಕಂಪ್ಯೂಟರಿಗೆ ಹಾಕಿದೆವು. ತೆಳ್ಳಗಿನ ಕ್ಯಾಮೆರಾದಲ್ಲಿ ಫ್ಲ್ಯಾಷು ಲೆನ್ಸಿಗೆ ಅಂಟಿಕೊಂಡೇ ಇರುತ್ತೆ ನೋಡಿ, ಬೆಳಕು ನೇರ ಕಣ್ಣೊಳಗಿನ ರಕ್ತನಾಳಕ್ಕೆ ಬಡಿದು ವಾಪಸ್ ಬರುತ್ತೆ. ಹೋಮದ ಹೊಗೆಯಲ್ಲಿ ಪುರೋಹಿತರು, ಭಾವ, ಭಾವನ ಅಮ್ಮ ಎಲ್ಲರಿಗೂ ಕೆಂಡದ ಕಣ್ಣು. ಸಾಕ್ಷಾತ್ ರಕ್ಕಸರ ಸಭೆ.

ಆಮೇಲೆ ಹಸು ಬಂತು. ತಂಗಿ ಪರದೆಗೆ ಮೂಗು ತಾಗಿಸಿ ನೋಡಿದಳು.

"ಅಣ್ಣಾ, ಇದಕ್ಯಾಕೆ ಮೂರು ಕೊಂಬು?"

ಎರಡು ಹಸುವಿನವು. ಮೂರನೆಯದು ಮೇಲಿನ ಮೂಲೆಯಿಂದ ಇಳಿದಿತ್ತು. ನಸುಗೆಂಪು, ದಪ್ಪ, ತುದಿಯಲ್ಲಿ ಉಗುರು. ಲೆನ್ಸನ್ನು ಮೂಲೆಯಲ್ಲಿ ಕೂರಿಸಿದ್ದಾರೆ, ನನ್ನ ಎಡಗೈ ತೋರುಬೆರಳು ಕೂರುವುದೂ ಸರಿಯಾಗಿ ಅಲ್ಲೇ. ಹಿಡಿದುಕೊಳ್ಳಲು ಬೇರೆ ಜಾಗವಾದರೂ ಎಲ್ಲಿದೆ?

"ಸ್ಕ್ರೀನಲ್ಲಿ ಕಾಣಿಸಲಿಲ್ವಾ?" ಅಂದಳು ಹೆಂಡತಿ.

ಕಾಣಿಸಲಿಲ್ಲ. ಚಾಳೀಸು ಕನ್ನಡಕ ಬೆಂಗಳೂರಲ್ಲೇ ಉಳಿದಿತ್ತು. ಅದು ಕೂರುವ ಜೇಬಿನಲ್ಲಿ ಕ್ಯಾಮೆರಾ ಇತ್ತಲ್ಲ.

140ರಲ್ಲಿ ಬೆರಳಿಲ್ಲದ್ದು 11. ಅವುಗಳಲ್ಲಿ ಏಳು ನನ್ನ ಮಗ ತೆಗೆದದ್ದು.

ಹಸುವಿನ ಫೋಟೋಕ್ಕೆ ಕಟ್ಟು ಹಾಕಿಸಲು ತಂಗಿ ಸ್ಟುಡಿಯೋಗೆ ಹೋದಳು. ಅಲ್ಲಿಂದಲೇ ಫೋನು: "ಅಣ್ಣಾ, ನಿನ್ ಬೆರಳು ಕತ್ತರಿಸಿದ್ರೆ ಹಸುವಿನ ಒಂದು ಕಿವಿನೂ ಹೋಗುತ್ತಂತೆ. ಏನ್ ಮಾಡ್ಲಿ?"

ಹಸುವಿಗೆ ನೋವು ಮಾಡಬಾರದು ಅಂತ ಹಾಗೇ ಬಿಟ್ಟರು. ಈಗಲೂ ಅವರ ಹಾಲಿನಲ್ಲಿದೆ. ಶುಕ್ರವಾರ ಶುಕ್ರವಾರ ಅವಳ ಅತ್ತೆ ಗಾಜಿನ ಮೇಲೆ ಕುಂಕುಮ ಇಡುತ್ತಾರೆ. ಹಸುವಿನ ಹಣೆಗೊಂದು, ನನ್ನ ಉಗುರಿಗೊಂದು.