ಕಂಕುಳಲ್ಲಿ ಬ್ಯಾಟರಿ

ಮೊನ್ನೆ ಬೆಳಿಗ್ಗೆ ಮೊಬೈಲಿನ ಚಾರ್ಜು ಕೆಂಪಿಗಿಳಿದದ್ದು ಕಂಡವನೇ ಅದನ್ನು ಅಂಗಿಯೊಳಗೆ ತೂರಿಸಿ ಕಂಕುಳಲ್ಲಿ ಅವುಚಿಕೊಂಡೆ. “ಜ್ವರ ನೋಡ್ಕೋತಿದೀರೇನ್ರೀ?” ಅಂದಳು ಹೆಂಡತಿ.

ಏಪ್ರಿಲ್ ಕೊನೆಗೆ ಉತ್ತರ ಧ್ರುವದ ಹತ್ತಿರ ಇರುವ ನಾರ್ವೆಯ ದ್ವೀಪಗಳಾದ ಸ್ವಾಲ್‌ಬಾರ್ಡ್‌ಗೆ ಹೋಗಿ, ಒಂದು ಸಾಕ್ಷ್ಯಚಿತ್ರಕ್ಕೆ ಮೂರು ವಾರ ಉದ್ದ ಕೋಲಿನ ಬೂಮ್ ಮೈಕು ಹಿಡಿದು ಬಂದಾಗ ಅಂಟಿದ ಚಟ ಇದು. ಆ ಚಳಿಗೆ ಬ್ಯಾಟರಿ ನೋಡನೋಡುತ್ತಲೇ ಕಣ್ಣು ಮುಚ್ಚುತ್ತದೆ. ಮೈಶಾಖ ಕೊಟ್ಟರೆ ಮತ್ತೆ ಒಂದಿಷ್ಟು ಜೀವ. ಹಾಗಾಗಿ ಯೂನಿಟ್ಟಿನವರೆಲ್ಲ ಒಳಂಗಿಯಲ್ಲಿ ಬ್ಯಾಟರಿ ಇಟ್ಟುಕೊಂಡು ಕಾವಿಗೆ ಕೂತ ಕೋಳಿಗಳಾಗಿದ್ದೆವು. ನಿರ್ದೇಶಕರೊಬ್ಬರನ್ನು ಬಿಟ್ಟು. ಅವರ ಒಳಜೇಬಿನಲ್ಲಿ ಚಾಕೊಲೇಟ್ ಇರುತ್ತಿತ್ತು.

ಅಲ್ಲಿ ನನಗೆ ಹೊಳೆದ ಒಂದು ದೊಡ್ಡ ವಿಷಯ ಹೇಳೋಣವೆಂದೇ ಬರೆಯಲು ಕೂತೆ. ಅದಕ್ಕೆ ಮೊದಲು ಬೂಟಿನ ಕತೆ ಮುಗಿಸಿಬಿಡುತ್ತೇನೆ.

ಅಲ್ಲಿನ ಮುಖ್ಯ ಊರು ಲಾಂಗ್‌ಯರ್‌ಬೈನ್‌ನಲ್ಲಿ ಹೊಟೇಲಿರಲಿ, ಮ್ಯೂಸಿಯಂ ಇರಲಿ, ಬಾಗಿಲಲ್ಲೇ ಬೂಟು ಬಿಚ್ಚಬೇಕು. ಕಲ್ಲಿದ್ದಲ ಗಣಿಯವರ ಕಾಲದ ರೂಢಿ, ಮಸಿ ಒಳಗೆ ಬರಬಾರದೆಂದು. ದೇವಸ್ಥಾನ ತಿರುಗಿದ ನಮಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಅದು ಹವಾಯಿ ಚಪ್ಪಲಿ ಬಿಟ್ಟಂತಲ್ಲ. ಬೂಟಿನೊಳಗೊಂದು ಉಣ್ಣೆಯ ಬೂಟು, ಅದರೊಳಗೆ ಎರಡು ಜೊತೆ ಕಾಲುಚೀಲ. ಐದು ಪದರ ಬಟ್ಟೆ ಹಾಕಿ ಬಗ್ಗಿದರೆ ಕಾಲು ಕೈಗೇ ಸಿಗುವುದಿಲ್ಲ. ಒಂದು ದಿನ ಏದುಸಿರು ಬಿಡುತ್ತ ಕಟ್ಟಿ ಮುಗಿಸಿ ಹೊರಗೆ ಬಂದರೆ, ಮೈಕಿಗೆ ಹಾಕುವ ತುಪ್ಪಳದ ಗವಸು ಕೋಣೆಯಲ್ಲೇ ಉಳಿದಿತ್ತು. ಬಿಚ್ಚಿದೆ, ತಂದೆ, ಕಟ್ಟಿದೆ. “ಅಯ್ಯೋ, ನನ್ನ ಗ್ಲೌಸೂ ಅಲ್ಲೇ ಇದೆ ಕಣ್ರೀ” ಅಂದರು ನಿರ್ದೇಶಕರು. ಮತ್ತೆ ಬಿಚ್ಚಿದೆ. ಅಷ್ಟರಲ್ಲಿ ಕಾಲುಚೀಲ ಎರಡೂ ಸೋತು, ಬಲಗಾಲಿನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ರಿಸೆಪ್ಷನ್ನಿನ ಹುಡುಗಿ ನನ್ನ ಮುಖ ಬಿಟ್ಟು ಅದಕ್ಕೇ “ಗುಡ್ ಮಾರ್ನಿಂಗ್” ಹೇಳಿದಳು. ಮೂರನೇ ಸಲ ಕಟ್ಟಿ ಎದ್ದಾಗ ನೆನಪಾಯಿತು: ಬ್ಯಾಟರಿಗಳು ಚಾರ್ಜರಿನಲ್ಲೇ ಇವೆ.

ಮೈನಸ್ 15ರ ಹಿಮ ತುಳಿದರೆ ಹಪ್ಪಳ ಮುರಿದ ಸದ್ದು. ‘ರೋಲಿಂಗ್’ ಅಂದ ಮೇಲೆ ಯಾರೂ ಕಾಲು ಕದಲಿಸಬಾರದು. ಕರಡಿ ಕಾವಲಿಗೆ ಬಂದೂಕು ಹಿಡಿದು ಬಂದವನು ಅತ್ತಿತ್ತ ನಡೆದರೆ ಏನೂ ಅನ್ನುವಂತಿಲ್ಲ, ಕಾಯುತ್ತಿರುವುದು ನಮ್ಮ ಜೀವ. ಟೇಕಿನ ನಡುವೆ ಪರಪರ ಚಾಕೊಲೇಟ್ ಬಿಚ್ಚುವವರಿಗೆ ಏನನ್ನಬೇಕು? ಕೇಳಿದರೆ, “ಸೌಂಡು ಆಮೇಲೆ ಹಾಕ್ಕೊಳ್ಳೋಣ ಬಿಡಿ.” ಹಾಗಿದ್ದರೆ ನನ್ನನ್ನು 78 ಡಿಗ್ರಿ ಉತ್ತರಕ್ಕೆ ಹೊತ್ತು ತಂದದ್ದು ಬ್ಯಾಟರಿ ಕಾವಿಗೆ ಕೂರಿಸಲಿಕ್ಕಾ?

ಪ್ಯಾಕಪ್ಪಂತೂ ಕೇಳಲೇಬೇಡಿ. ಏಪ್ರಿಲ್ 20ರ ಸುಮಾರಿಗೆ ಹುಟ್ಟಿದ ಸೂರ್ಯ ಅಲ್ಲಿ ಆಗಸ್ಟ್ ಮೂರನೇ ವಾರ ದಾಟುವ ತನಕ ಮುಳುಗುವುದಿಲ್ಲ. ‘ಲೈಟ್ ಹೋಯ್ತು ಸಾರ್’ ಅನ್ನುವ ನಮ್ಮ ಕುಲದ ಏಕೈಕ ಅಸ್ತ್ರ ಅಲ್ಲಿ ತುಕ್ಕು ಹಿಡಿಯಿತು. ರಾತ್ರಿ ಒಂದೂವರೆಗೆ, “ಆಹಾ, ಈಗ ನೋಡ್ರೀ ಬೆಳಕು!”

ಬಂದವರೆಲ್ಲ ಕೇಳುವುದು ಒಂದೇ: ಹಿಮಕರಡಿ ಕಂಡಿತಾ? ಕಂಡಿತು. ಮಾರ್ಚಿನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರವಿರಬೇಕೆಂದು ಕಾನೂನು. ಅಷ್ಟು ದೂರದಿಂದ ಅದು ಬಿಳಿ ಪಂಚೆಯ ಮೇಲಿನ ಮಜ್ಜಿಗೆ ಕಲೆ.

ಹಾಂ, ಆ ದೊಡ್ಡ ವಿಷಯ. ಮರೆಯಬಾರದೆಂದು ಅಲ್ಲೇ ಮೊಬೈಲಿನಲ್ಲಿ ಬರೆದಿಟ್ಟಿದ್ದೆ. ಇವತ್ತೂ ಅದು ಹತ್ತು ನಿಮಿಷದಿಂದ ಕಂಕುಳಲ್ಲೇ ಇದೆ, ಇನ್ನೂ ಎದ್ದಿಲ್ಲ. “ಚಾರ್ಜಿಗೆ ಹಾಕ್ರೀ” ಅನ್ನುತ್ತಿದ್ದಾಳೆ ಇವಳು.